ಜೆಟ್ ಸ್ಕೀ ಪಂಪ್‌ಸೆಟ್ಟಲ್ಲ

ಅಪ್ಪ,

ಜೆಟ್ ಸ್ಕೀ ಆಯಿಲ್ ಪಾರ್ಸೆಲ್ ತಿಪಟೂರಿಗೆ ಬಂದಿದೆಯಂತೆ, ತರೋಕೆ ಹೋಗ್ತಿದೀನಿ. ಕಮ್ಮಿಯಿದೆ ಅಂತ ನೀನು ಟ್ರ್ಯಾಕ್ಟರ್ ಆಯಿಲ್ ಸುರೀಬೇಡ. ಒಳಗೆ ಸೂಪರ್‌ಚಾರ್ಜರ್ ಇದೆ, ಅದಕ್ಕೆ ಕಂಪನಿ ಹೇಳಿದ್ದೇ ಆಗಬೇಕು.

ಮಲ್ಪೆ ಸಮುದ್ರದಲ್ಲಿ ಓಡಿಸಿದ ಉಪ್ಪುನೀರು ಇನ್ನೂ ಎಂಜಿನ್ನಲ್ಲಿದೆ. ಇವತ್ತೇ ತೊಳೀಬೇಕು, ಇಲ್ಲಾಂದ್ರೆ ತುಕ್ಕು ಹಿಡಿಯುತ್ತೆ. ಪೈಪ್ ಸಿಕ್ಕಿಸಿಟ್ಟಿದೀನಿ. ನೀನೇ ತೊಳಿ, ಆದ್ರೆ ಇದು ಪಂಪ್‌ಸೆಟ್ಟಲ್ಲ ಕಣಪ್ಪ. ಅದಕ್ಕೆ ಮೊದಲು ನೀರು ತುಂಬಿ ಆಮೇಲೆ ಮೋಟರ್ ಹಾಕ್ತೀಯ. ಇದಕ್ಕೆ ಉಲ್ಟಾ, ಮೊದಲೇ ನೀರು ಬಿಟ್ರೆ ಎಂಜಿನ್ನೊಳಗೆ ನುಗ್ಗುತ್ತೆ. ಮೊದಲು ಎಂಜಿನ್ ಸ್ಟಾರ್ಟ್ ಮಾಡು, ಆಮೇಲೆ ನಲ್ಲಿ ಬಿಡು. ನಿಲ್ಲಿಸೋವಾಗ ಮೊದಲು ನಲ್ಲಿ, ಆಮೇಲೆ ಎಂಜಿನ್. ಎರಡು ನಿಮಿಷ ಸಾಕು. ಎಲೆಅಡಿಕೆ ಹಾಕ್ಕೊಂಡು ದಾರಿಹೋಕರಿಗೆಲ್ಲ ತೋರಿಸ್ತಾ ನಿಂತ್ಕೋಬೇಡ.

ಕಾಯಿ ಸುಲಿಯೋರನ್ನ ಆ ಕಡೆ ಕೂರಿಸು. ನಾರು ಒಳಗೆ ಎಳ್ಕೊಂಡ್ರೆ ಬಿಚ್ಚೋಕೆ ಒಂದು ದಿನ ಬೇಕು.

ಮುಗಿದ ಮೇಲೆ ಕೊಟ್ಟಿಗೆಗೆ ತಳ್ಳು. ತೆಂಗಿನಮರದ ಕೆಳಗೆ ಬೇಡ.

ಹೋದ ಸಲ ಎಂಜಿನ್ನಿಗೆ ನೀರು ನುಗ್ಗಿಸಿದ್ದು ನಾನೇ ಅಂತ ಅಮ್ಮಂಗೆ ಹೇಳಿದೀನಿ. ಬೈಸ್ಕೊಂಡೂ ಆಗಿದೆ. ಇದನ್ನ ಓದಿದ ತಕ್ಷಣ ಒಲೆಗೆ ಹಾಕು.

ಗಂಗಲಕ್ಷ್ಮಿ