ಹಾಕದ ದೀರ್ಘ

೧೧ ಜನವರಿ ೨೦೨೬, ಭಾನುವಾರ. ಡೊಂಬಿವಲಿ.

ಆ ಒಂದು ದೀರ್ಘ ಇವತ್ತೂ ನನ್ನನ್ನು ಬಿಡಲಿಲ್ಲ.

ಪಕ್ಕದ ಥಾಣೆ ನಗರದಲ್ಲಿ ನಮ್ಮ ಬ್ಯಾಂಡಿನ ಇಪ್ಪತ್ತೈದನೇ ವರ್ಷದ ಶೋ. ನಮ್ಮ ಗಾಯಕ ವಿಶಾಲ್ ಮೈಕನ್ನು ಜನರ ಕಡೆ ತಿರುಗಿಸಿದ್ದೇ ತಡ, ಇಡೀ ಹಾಲ್ "ನೀ ಬೇರೆ, ನೀ ಬೇರೆ" ಎಂದು ಹಾಡಿತು. ಅರ್ಧಕ್ಕರ್ಧ ಜನರಿಗೆ ಕನ್ನಡವೇ ಬಾರದು.

ನಾನು ಬರೆದದ್ದು "ನೀ ಬೆರೆ". ಬಂದು ನನ್ನೊಳಗೆ ಬೆರೆತುಬಿಡು ಅಂತ. ವಿಶಾಲ್‌ಗೆ ಕನ್ನಡ ಓದಲು ಬಾರದೆಂದು ಮರಾಠಿ ಲಿಪಿಯಲ್ಲಿ ಬರೆದುಕೊಟ್ಟಿದ್ದೆ. ಅದರಲ್ಲಿ ಬೆ, ಬೇ ಎರಡೂ ಒಂದೇ. ಮೊದಲ ಶೋನಲ್ಲೇ ಅವನು "ಬೇರೆ" ಎಂದು ಎಳೆದು ಹಾಡಿದ, ಜನ ಎದ್ದು ನಿಂತರು. ಪ್ರೀತಿ ಮುರಿದವರೆಲ್ಲ ಅದನ್ನು ತಮ್ಮ ಹಾಡು ಮಾಡಿಕೊಂಡರು. "ರೆಹನೇ ದೇ ಯಾರ್, ಇರ್ಲಿ ಬಿಡು, ಪಬ್ಲಿಕ್‌ಗೆ ಹಿಡ್ಸಿದೆ" ಎಂದ ವಿಶಾಲ್. ನಾನೂ ತಿದ್ದಲು ಹೋಗಲಿಲ್ಲ. ಆಮೇಲಿನ ಕ್ಯಾಸೆಟ್ಟು, ಸಿಡಿ, ಊರೂರಿನ ಶೋ, ಎಲ್ಲವೂ ಆ ತಪ್ಪಿನ ಮೇಲೆಯೇ ನಿಂತಿವೆ.

ಇವತ್ತು ಶೋ ಮುಗಿದ ಮೇಲೆ ಕಲ್ಯಾಣದ ಹುಡುಗಿಯೊಬ್ಬಳು ಬಂದು ಮುಂಗೈ ಚಾಚಿದಳು. ಹೆಸರು ತನ್ವಿ, ಅಜ್ಜಿಮನೆ ಉಡುಪಿಯಂತೆ.

"ಅಂಕಲ್, ಆ ಲೈನ್ ಕನ್ನಡಾ ಮೇ ಲಿಖ್ ದೋ ನಾ. ಹಾಗೇ ಟ್ಯಾಟೂ ಮಾಡಿಸ್ತೇನೆ. ನಂಗೆ ಓದ್ಲಿಕ್ಕೆ ಬರುದಿಲ್ಲ."

ಅವಳ ಪೆನ್ನಿನಿಂದಲೇ ಬರೆದೆ. ದೀರ್ಘ ಹಾಕಲಿಲ್ಲ.

ಲೋಕಲ್ ರೈಲಿನಲ್ಲಿ ಬರುವಾಗ ಮೊದಲು ಖುಷಿಯಾಯಿತು, ಕೊನೆಗೂ ಒಬ್ಬರ ಮೈಮೇಲಾದರೂ ನನ್ನ ಮಾತು ಸರಿಯಾಗಿ ಉಳಿಯುತ್ತದೆಂದು. ದಿವಾ ಸ್ಟೇಷನ್ ದಾಟುವಷ್ಟರಲ್ಲಿ ಕಸಿವಿಸಿ ಶುರುವಾಯಿತು. ಬೇಸಿಗೆ ರಜೆಯಲ್ಲಿ ಅವಳು ಉಡುಪಿಗೆ ಹೋಗಿ ಹಾಡಿ ತೋರಿಸುತ್ತಾಳೆ. ಅಜ್ಜಿ ಆ ಕೈ ಹಿಡಿದು ಓದುತ್ತಾರೆ. ದೀರ್ಘ ಬಿಟ್ಟುಹೋಗಿದೆಯಲ್ಲ ಮಗಾ, ಇದನ್ನು ಬರೆದವನಿಗೆ ಕನ್ನಡವೇ ಬರುವುದಿಲ್ಲ ಅನ್ನುತ್ತಾರೆ.