ಲೈಸಿಲ್ಲಾ ನೀರಿಗೆ ಹೋಗಿದ್ದಾಳೆ

ಅಥೆನ್ಸ್ ಸೀಮೆ, ಅಫಿದ್ನಾ
ಸ್ಕಿರೋಫೋರಿಯನ್ ಮಾಸ, ಚಂದ್ರ ಸವೆಯುವ ದಿನಗಳು

ಪ್ರೀತಿಯ ತಂಗಿ ಪಾಂಫಿಲೆ,

ಹೇಗಿದ್ದೀಯ? ಕಾಲಿನ ಊತ ಇಳಿಯಿತೇ? ಸಾಮೋಸ್ ದ್ವೀಪದ ನೀರು ಒಗ್ಗುವುದಿಲ್ಲ ಎಂದು ಹೋದ ಪತ್ರದಲ್ಲಿ ನೀನು ಬರೆದಿದ್ದೆ. ಬರೀ ನೀರು ಕುಡಿಯಬೇಡ, ಒಂದಿಷ್ಟು ದ್ರಾಕ್ಷಾರಸ ಬೆರೆಸಿಕೋ. ಭಾವನವರ ಬಳ್ಳಿಗಳಿಗೆ ಈ ವರ್ಷ ಬೂದಿ ರೋಗ ಬರಲಿಲ್ಲ ತಾನೆ? ನಿನ್ನ ಚಿಕ್ಕವಳಿಗೆ ಹಲ್ಲು ಬಂದಿರಬೇಕು. ನಿನಗೆ ಹಲ್ಲು ಬರುವಾಗ ಅಪ್ಪನ ಬೆರಳು ಕಚ್ಚಿ ರಕ್ತ ಬರಿಸಿದ್ದೆ. ಅದು ಅಪ್ಪನಿಗೆ ಇವತ್ತಿಗೂ ನೆನಪಿದೆ, ಯಾವ ಬೆರಳು ಎಂದೂ ತೋರಿಸುತ್ತಾನೆ.

ನೀನು ಶೋಕಕ್ಕೆಂದು ಕತ್ತರಿಸಿ ಕಳಿಸಿದ ನಿನ್ನ ಕೂದಲನ್ನು ನಿನ್ನ ಅತ್ತಿಗೆ ಲೈಸಿಲ್ಲಾಳ ಸಮಾಧಿಯ ಮೇಲಿಟ್ಟು ಎಣ್ಣೆ ಎರೆದು ಬಂದೆ. ಗಾಳಿ ಜೋರಾಗಿತ್ತು, ಹಾರಿ ಹೋಗದಿರಲಿ ಎಂದು ಒಂದು ಕಲ್ಲನ್ನೂ ಇಟ್ಟೆ. ಅವಳು ಹೋದ ಮೇಲೆ ಮನೆಯಲ್ಲಿ ಸದ್ದು ಕಡಿಮೆಯಾಗಿದೆ. ಮಗ್ಗ ಗೋಡೆಗೆ ಒರಗಿಕೊಂಡಿದೆ, ಅರ್ಧ ನೇಯ್ದ ಬಟ್ಟೆ ಹಾಗೇ ಇದೆ. ಬಿಚ್ಚಬೇಕು ಎಂದು ಹೋಗುತ್ತೇನೆ, ಬಿಚ್ಚದೆ ಬರುತ್ತೇನೆ. ಮಕ್ಕಳಿದ್ದಿದ್ದರೆ ಯಾರಾದರೂ ಒಬ್ಬರು ಏನಾದರೂ ಒಂದನ್ನು ಬೀಳಿಸುತ್ತಿದ್ದರು, ಒಡೆಯುತ್ತಿದ್ದರು. ಈಗ ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ಇದನ್ನೆಲ್ಲ ಓದಿ ಅಳಬೇಡ. ಹೇಳಿಕೊಳ್ಳಲು ಬೇರೆ ಯಾರೂ ಇಲ್ಲವೆಂದು ಬರೆದೆ.

ಅಪ್ಪನ ದೇಹಕ್ಕೆ ಏನೂ ಆಗಿಲ್ಲ. ಹಲ್ಲು ನನ್ನವಕ್ಕಿಂತ ಗಟ್ಟಿ. ಹೋದದ್ದು ನೆನಪು ಮಾತ್ರ. ಸೈನ್ಯವೆಲ್ಲ ಓಡಿದಾಗಲೂ ತಾನು ಗುರಾಣಿ ಬಿಸಾಡದೆ ಹೊತ್ತು ತಂದದ್ದು, ನೀನು ಹಡಗು ಹತ್ತುವಾಗ ಹಿಂದೆ ತಿರುಗಿ ನೋಡದೆ ಹೋದದ್ದು ಎಲ್ಲವನ್ನೂ ಹೇಳುತ್ತಾನೆ. ಈಗ ತಾನೇ ಉಂಡದ್ದು ಮಾತ್ರ ಗೊತ್ತಿರುವುದಿಲ್ಲ. ಆಳು ಹೆಂಗಸಿನ ಕೈಯಿಂದ ತಿನ್ನುವುದಿಲ್ಲ, ಉಗುಳುತ್ತಾನೆ. ಹಾಗಾಗಿ ಬೆಳಿಗ್ಗೆ ನಾನೇ ಜವೆಗೋಧಿ ಹಿಟ್ಟನ್ನು ದ್ರಾಕ್ಷಾರಸದಲ್ಲಿ ಕಲಸಿ, ತುತ್ತು ಮಾಡಿ ಕೊಡುತ್ತೇನೆ. ತಿಂದು, ಎದ್ದು, ದಾರಿ ಕೂಡುವಲ್ಲಿ ಹೆರ್ಮಿಸ್ ದೇವರ ಕಲ್ಲಿನ ಬುಡದಲ್ಲಿ ಹೋಗಿ ಕೂರುತ್ತಾನೆ. ಬಂದವರನ್ನೆಲ್ಲ ನಿಲ್ಲಿಸಿ, "ನಿನ್ನೆಯಿಂದ ಹೊಟ್ಟೆಗೇನೂ ಇಲ್ಲ ಕಣಪ್ಪಾ, ಮಗ ಗಂಜೀನೂ ಹಾಕಲ್ಲ" ಅನ್ನುತ್ತಾನೆ. ಒಬ್ಬರು ಅಂಜೂರ ಕೊಡುತ್ತಾರೆ, ಇನ್ನೊಬ್ಬರು ರೊಟ್ಟಿ ಕೊಡುತ್ತಾರೆ. ಅಪ್ಪ ದಪ್ಪಗಾಗಿದ್ದಾನೆ, ಪಾಂಫಿಲೆ. ಆದರೂ ಮೊನ್ನೆ ಬಾವಿಯ ಹತ್ತಿರ ಒಬ್ಬಳು, "ನಿಮ್ಮಪ್ಪನ ಮೂಳೆ ಕಣ್ಣಲ್ಲಿ ನೋಡೋಕಾಗಲ್ಲ ಕಣೋ ಫಿಲಾಗ್ರೋಸ್, ಏನಾದ್ರೂ ಹಾಕೋ" ಅಂದಳು. ನಾನು ಬಿಂದಿಗೆ ಎತ್ತಿಕೊಂಡು ಬಂದೆ. ನನಗೆ ಮಾತು ಬರುವುದಿಲ್ಲವೆಂದು ನಿನಗೆ ಗೊತ್ತಲ್ಲ, ಮನೆಯ ಮಾತನ್ನೆಲ್ಲ ಲೈಸಿಲ್ಲಾಳೇ ಆಡುತ್ತಿದ್ದಳು.

ಹಸಿವಿನ ಮಾತು ಹೇಗೋ ತಡೆಯಬಹುದು. ಇನ್ನೊಂದು ತಡೆಯಲಾರದ್ದು. ದಿನವೂ "ಲೈಸಿಲ್ಲಾ ಎಲ್ಲಿ?" ಎಂದು ಕೇಳುತ್ತಾನೆ. ಮೊದಲು ನಿಜ ಹೇಳುತ್ತಿದ್ದೆ. ಹೇಳಿದ ಕೂಡಲೇ ಆಗ ತಾನೇ ಕೇಳಿದವನಂತೆ ಎದೆ ಬಡಿದುಕೊಂಡು ಅಳುತ್ತಿದ್ದ. ಅವನನ್ನು ನಾನು ಸಮಾಧಾನ ಮಾಡುತ್ತಿದ್ದೆ. ಸಂಜೆಗೆ ಮರೆತು ಮತ್ತೆ ಕೇಳುತ್ತಿದ್ದ. ಪ್ರತಿಸಲವೂ ಅವನಿಗೆ ಅದು ಹೊಸ ಸಾವು. ನನಗೂ. ಒಂದು ಮಧ್ಯಾಹ್ನ ಬಾಯಿಗೆ ಹೇಗೋ ಬಂತು, "ನೀರಿಗೆ ಹೋಗಿದ್ದಾಳೆ" ಅಂದೆ. "ಹೌದಾ, ಬರಲಿ ಬಿಡು" ಎಂದು ಅವರೆ ಬಿಡಿಸುವುದನ್ನು ಮುಂದುವರಿಸಿದ. ಅಂದಿನಿಂದ ಹಾಗೇ ಹೇಳುತ್ತಾ ಬಂದಿದ್ದೇನೆ.

ಈಗ ಸುದ್ದಿಗೆ ಬರುತ್ತೇನೆ. ಬರುವ ವರ್ಷ ನಗರದ ಆಡಳಿತ ನೋಡುವ ಐನೂರರ ಸಭೆಗೆ ನಮ್ಮ ಊರಿನಿಂದ ಕಾಳು ಹಾಕಿ ಹೆಸರು ಎತ್ತಿದಾಗ ನನ್ನ ಹೆಸರಿಗೆ ಬಿಳಿ ಕಾಳು ಬಂತು, ಆಯ್ಕೆಯಾದೆ. ನನ್ನ ಹಿಂದೆ, ನನ್ನನ್ನು ತಳ್ಳಿಹಾಕಿದರೆ ಬರಬೇಕಾದ ಬದಲಿ ಹೆಸರು ಮಾಂಟಿಯಾಸನದು. ನಮ್ಮ ಆಲಿವ್ ತೋಪಿನ ಗಡಿಯ ಮೇಲೆ ನೀರಿನ ಕಾಲುವೆ ಎಳೆದವನು, ನೆನಪಿದೆಯಲ್ಲ. ಅವನು ಎಲ್ಲರೆದುರು ನಕ್ಕು, "ಏನಯ್ಯಾ, ಅಪ್ಪನಿಗೆ ಗಂಜಿ ಹಾಕದವನು ಊರಿಗೆಲ್ಲ ಬುದ್ಧಿ ಹೇಳೋಕೆ ಹೊರಟ್ಯಾ? ಪರೀಕ್ಷೆ ದಿನ ಸಿಗ್ತೀನಿ ಬಾ" ಅಂದ. ಸಭೆಗೆ ಸೇರಿಸಿಕೊಳ್ಳುವ ಮುನ್ನ ನಡೆಸುವ ಆ ಪರೀಕ್ಷೆಯಲ್ಲಿ ಏನು ಕೇಳುತ್ತಾರೆಂದು ಅಪ್ಪನೇ ಹಿಂದೊಮ್ಮೆ ಹೇಳಿದ್ದ. ತಂದೆ ಯಾರು, ಯಾವ ಊರು, ಮನೆತನದ ಸಮಾಧಿಗಳು ಎಲ್ಲಿವೆ, ಹೆತ್ತವರನ್ನು ಚೆನ್ನಾಗಿ ನೋಡಿಕೊಳ್ಳುತ್ತೀಯಾ. ಕೊನೆಯದಕ್ಕೆ ಇಲ್ಲ ಎಂದಾದರೆ ಸಭೆಯ ಸ್ಥಾನ ಹೋಗುವುದಷ್ಟೇ ಅಲ್ಲ, ಮುಂದೆ ಯಾರಾದರೂ ದಾವೆ ಹೂಡಿದರೆ ಪೌರನ ಹಕ್ಕೇ ಹೋದೀತು. ಬಿಟ್ಟುಬಿಡೋಣ, ನನ್ನಿಂದ ಆಗುವುದಿಲ್ಲವೆಂದು ಆಣೆ ಮಾಡಿ ತಪ್ಪಿಸಿಕೊಳ್ಳೋಣ ಎಂದುಕೊಂಡೆ. ಚಿಕ್ಕಪ್ಪನ ಮಗ ಎಪಿಗೆನೆಸ್ ಬಿಡಲಿಲ್ಲ. "ಈಗ ಹಿಂದೆ ಸರಿದ್ರೆ ಅವನು ಹೇಳಿದ್ದೇ ನಿಜ ಆಗುತ್ತೆ ಅಣ್ಣ. ಸಾಕ್ಷಿಗೆ ನಾನು ನಿಲ್ತೀನಿ" ಅಂದ.

ಎಪಿಗೆನೆಸ್ ಈಗ ನಗರದ ಗೋಡೆಯಾಚೆ ತೋಪಿನಲ್ಲಿ ಪಾಠ ಹೇಳುವವರ ಜೊತೆ ಓಡಾಡುತ್ತಾನೆ. ಗಡ್ಡದಲ್ಲಿ ಬಿಳಿ ಕೂದಲು ಬಂದ ಮೇಲೆ ಓದಿನ ಹುಚ್ಚು ಹಿಡಿದಿದೆ. ಅಂಗಳದಲ್ಲಿ ಕೂತು, "ಕೊಡಲಿಗೆ ಕಡಿಯೋದು ಕೆಲಸ, ಕಣ್ಣಿಗೆ ನೋಡೋದು ಕೆಲಸ. ಹಾಗೇ ಮನುಷ್ಯನಿಗೆ ಮನುಷ್ಯ ಅನ್ನೋ ಕಾರಣಕ್ಕೇ ಒಂದು ಕೆಲಸ ಇರಬೇಕಲ್ಲ ಅಣ್ಣ?" ಅಂದ. "ಇರೋ ಕೆಲಸ ಸಾಲ್ದೇನೋ ನನಗೆ?" ಅಂದೆ. ನಕ್ಕ. ಆ ಕೆಲಸವನ್ನು ಚೆನ್ನಾಗಿ, ಬದುಕಿನುದ್ದಕ್ಕೂ ಮಾಡುವುದೇ ಒಳ್ಳೆಯ ಬಾಳು ಎಂದ. ಈಜುತ್ತಾ ಈಜುತ್ತಾ ಈಜುಗಾರನಾಗುವ ಹಾಗೆ, ಒಳ್ಳೆಯದು ಮಾಡುತ್ತಾ ಮಾಡುತ್ತಾ ಮನುಷ್ಯ ಒಳ್ಳೆಯವನಾಗುತ್ತಾನಂತೆ. ಅಲ್ಲಿಯವರೆಗೆ ಚೆನ್ನಾಗಿಯೇ ಇತ್ತು. ಆಮೇಲೆ ಹೇಳಿದ, "ಆದ್ರೆ ಹಲ್ಲು ಕಚ್ಚಿಕೊಂಡು ಒಳ್ಳೇದು ಮಾಡೋನು ತನ್ನನ್ನ ತಾನು ಹಿಡ್ಕೊಂಡಿರೋನು, ಅಷ್ಟೇ. ನಿಜವಾಗಿ ಒಳ್ಳೆಯವನಿಗೆ ಮಾಡೋದ್ರಲ್ಲೇ ಸಂತೋಷ ಇರುತ್ತೆ." ಸುಳ್ಳು ಎಂಬುದು ತನ್ನಷ್ಟಕ್ಕೆ ತಾನೇ ಕೀಳು ಎಂದೂ ಸೇರಿಸಿದ. ನನ್ನನ್ನು ಕುರಿತು ಹೇಳಿದ್ದಲ್ಲ. ಅವನ ಮನಸ್ಸು ಹಾಗಲ್ಲ. ಆದರೆ ಅವನು ಹೋದ ಮೇಲೆ ನಾನು ಅಲ್ಲೇ ಕೂತಿದ್ದೆ.

ಯಾಕೆಂದರೆ ಪಾಂಫಿಲೆ, ನನಗೆ ಸಂತೋಷ ಇರಲಿಲ್ಲ. ಅಪ್ಪನನ್ನು ತೊಳೆಯುತ್ತೇನೆ, ಉಣಿಸುತ್ತೇನೆ, ಹಾಸಿಗೆ ಬದಲಿಸುತ್ತೇನೆ. ಅವನು ನಿದ್ದೆ ಹೋದಾಗ ಹೊರೆ ಇಳಿಸಿದಂತಾಗುತ್ತದೆ. ಲೈಸಿಲ್ಲಾ ಹಾಗಿರಲಿಲ್ಲ. ಅಪ್ಪ ಹಸಿವು ಎಂದರೆ, "ಅಯ್ಯೋ ಮಾವ, ಬೆಳಿಗ್ಗೆ ಉಂಡಿದ್ದು ಯಾರ ಹೊಟ್ಟೆ? ಕತ್ತೆ ಹೊಟ್ಟೆನಾ?" ಎಂದು ಅವನ ಹೊಟ್ಟೆ ಮುಟ್ಟಿ ನಗುತ್ತಿದ್ದಳು. ಅವನೂ ನಗುತ್ತಿದ್ದ, ದಾರಿಯ ಕಲ್ಲಿನ ಬಳಿ ಹೋಗಿ ಕೂರುತ್ತಿರಲಿಲ್ಲ. ಎಪಿಗೆನೆಸ್ ತೋಪಿನಲ್ಲಿ ಹುಡುಕುವ ಮನುಷ್ಯ ನಮ್ಮ ಒಲೆಯ ಮುಂದೆಯೇ ಕೂತಿದ್ದಳು. ಹೆಂಗಸೆಂದು ಅವಳನ್ನು ಯಾವ ಸಭೆಯೂ ಕರೆದು ಕೇಳಲಿಲ್ಲ. ನನ್ನನ್ನು ಕೇಳುತ್ತಾರೆ. ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದು ನಾನು ಹೇಳಬಹುದೇ ಎಂಬುದೇ ನನಗೆ ತಿಳಿಯಲಿಲ್ಲ.

ಪರೀಕ್ಷೆಯ ದಿನ ಅಪ್ಪನನ್ನು ಬಿಟ್ಟು ಹೋಗುವಂತಿರಲಿಲ್ಲ. ಕತ್ತೆಯ ಮೇಲೆ ಕೂರಿಸಿಕೊಂಡು ಹಿಂದಿನ ದಿನವೇ ಹೊರಟು, ನಗರದಲ್ಲಿ ಎಪಿಗೆನೆಸನ ಪರಿಚಯದವರ ಮನೆಯಲ್ಲಿ ತಂಗಿದೆವು. ಸಭಾಮಂದಿರದಲ್ಲಿ ನನ್ನ ಸರದಿ ಬಂತು. ತಂದೆ ಖಾರಿಯಾಸ್, ಊರು ಅಫಿದ್ನಾ, ಸಮಾಧಿಗಳು ಹೊಳೆಯ ಆಚೆ ದಿಬ್ಬದ ಮೇಲೆ ಎಂದೆ. ಹೆತ್ತವರನ್ನು ಚೆನ್ನಾಗಿ ನೋಡಿಕೊಳ್ಳುತ್ತೀಯಾ ಎಂದರು. "ನೋಡಿಕೊಳ್ಳುತ್ತೇನೆ" ಎಂದೆ, ಚೆನ್ನಾಗಿ ಎಂಬ ಮಾತು ಬಾಯಿಂದ ಬರಲಿಲ್ಲ. ಎಪಿಗೆನೆಸ್ ಸಾಕ್ಷಿ ಹೇಳಿದ. ಇವನ ಮೇಲೆ ದೂರು ಹೇಳುವವರು ಇದ್ದಾರೆಯೇ ಎಂದು ಸಾರಿದಾಗ ಮಾಂಟಿಯಾಸ್ ಎದ್ದ. "ಇವನ ದಾಯಾದಿಯ ಸಾಕ್ಷಿ ಯಾಕೆ ಸ್ವಾಮಿ? ಮುದುಕ ಬಾಗಿಲಲ್ಲೇ ಕೂತಿದಾನೆ. ಕರೆದು ಕೇಳಿ" ಅಂದ.

ಅಪ್ಪನನ್ನು ಕರೆತಂದರು. ಅಷ್ಟು ಜನರನ್ನು ಕಂಡು ಅವನಿಗೆ ಖುಷಿಯಾಯಿತು, ಮದುವೆ ಮನೆ ಎಂದುಕೊಂಡಿರಬೇಕು. ನನ್ನ ಹೊದಿಕೆಯ ಅಂಚು ಹಿಡಿದುಕೊಂಡು ನಿಂತ. ಸಭೆ ನಡೆಸುತ್ತಿದ್ದವರು ಮೆತ್ತಗೆ, "ಅಜ್ಜಾ, ಹೆದರಬೇಡ. ಮಗ ಊಟ ಹಾಕ್ತಾನಾ?" ಎಂದರು. "ಯಾವ ಮಗ?" ಅಂದ. ಸಭೆಯವರು ನಕ್ಕರು. ನನ್ನನ್ನು ತೋರಿಸಿದರು. "ಇವನಾ? ಇಲ್ಲಪ್ಪ. ಇವನು ಹೊಲಕ್ಕೆ ಹೋಗ್ತಾನೆ, ಬರ್ತಾನೆ, ಬಾಯಿ ಬಿಡಲ್ಲ. ನನಗೆ ಊಟ ಹಾಕೋಳು ನನ್ನ ಸೊಸೆ. ಬೆಳಿಗ್ಗೆ ಬೆಳಿಗ್ಗೆ ತುತ್ತು ಮಾಡಿ ಕೊಡ್ತಾಳೆ, ಗಡ್ಡ ಒರೆಸ್ತಾಳೆ. ಬಂಗಾರದಂಥ ಹುಡುಗಿ." ಸೊಸೆ ಎಲ್ಲಿ ಎಂದರು. "ನೀರಿಗೆ ಹೋಗಿದಾಳೆ. ಬರ್ತಾಳೆ."

ಅವರು ನನ್ನತ್ತ ತಿರುಗಿ, "ಏನಯ್ಯಾ, ಹಾಗಾದ್ರೆ ನೋಡ್ಕೊಳ್ಳೋದು ನಿನ್ನ ಹೆಂಡತಿ, ನೀನಲ್ಲ?" ಎಂದರು. ಒಂದು ಮಾತು ಸಾಕಿತ್ತು. ಅವಳು ಚಳಿಗಾಲದಲ್ಲಿ ತೀರಿಕೊಂಡಳು ಎಂದರೆ ಉಳಿದದ್ದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ನಿಜ ನನ್ನ ಪಕ್ಷದಲ್ಲೇ ಇತ್ತು. ಆದರೆ ಅಪ್ಪ ನನ್ನ ಹೊದಿಕೆ ಹಿಡಿದು, ನಾನೇನು ಹೇಳುತ್ತೇನೆಂದು ಮುಖ ನೋಡುತ್ತಿದ್ದ. ಅಷ್ಟು ಅಪರಿಚಿತರ ನಡುವೆ ಅವಳನ್ನು ಇನ್ನೊಂದು ಸಲ ಸಾಯಿಸಲು ನನ್ನಿಂದಾಗಲಿಲ್ಲ. "ಹೌದು. ಅವಳೇ ನೋಡಿಕೊಳ್ಳೋದು. ನೀರಿಗೆ ಹೋಗಿದಾಳೆ" ಎಂದೆ. ಸಭಾಮಂದಿರವನ್ನು ಕಾಯುವ ಒಲೆಯ ದೇವತೆಯ ಎದುರೇ ನಿಂತು ಆ ಸುಳ್ಳು ಹೇಳಿದೆ. ಎಪಿಗೆನೆಸ್ ತಲೆ ತಗ್ಗಿಸಿದ.

"ಸುಳ್ಳು!" ಎಂದು ಮಾಂಟಿಯಾಸ್ ಕೂಗಿದ. "ಬಾಯಿ ಬಿಟ್ರೆ ಸುಳ್ಳು! ಇವನ ಹೆಂಡ್ತಿ ಚಳಿಗಾಲದಲ್ಲೇ ಸತ್ತಳು. ಹೆಣದ ಹಿಂದೆ ನಾನೇ ನಡೆದು ಹೋಗಿದ್ದೆ!" ಹಿಂದಿನ ಸಾಲಿನಿಂದ ಯಾರೋ ಮುದುಕರು, "ಹಾಗಾದ್ರೆ ಬೆಳಿಗ್ಗೆ ಬೆಳಿಗ್ಗೆ ತುತ್ತು ಮಾಡಿ ಕೊಡ್ತಿರೋರು ಯಾರಯ್ಯಾ?" ಎಂದು ಕೇಳಿದರು. ಮಾಂಟಿಯಾಸ್ ಹೊದಿಕೆ ಎಳೆದುಕೊಂಡು ಕೂತುಬಿಟ್ಟ. ನನ್ನ ಪರವಾಗಿ ಕೈಗಳು ಮೇಲೆದ್ದವಂತೆ, ನಾನು ನೋಡಲಿಲ್ಲ. ಅಪ್ಪ ನೆಲದ ಮೇಲೆ ಕುಸಿದು, "ನನ್ನ ಸೊಸೆ ಸತ್ತಳಾ? ಯಾವಾಗ? ಯಾರೂ ನಂಗೆ ಹೇಳಲೇ ಇಲ್ವಲ್ರೋ!" ಎಂದು ಎದೆ ಬಡಿದುಕೊಂಡ. ಈ ಸಲ ನಾನು ಸಮಾಧಾನ ಹೇಳಲಿಲ್ಲ. ಅವನ ಪಕ್ಕದಲ್ಲಿ ಕೂತು ಅವನಷ್ಟೇ ಜೋರಾಗಿ ಅತ್ತೆ. ಮಣ್ಣು ಮಾಡಿದ ದಿನದಿಂದ ಇಬ್ಬರೂ ಒಟ್ಟಿಗೆ ಅತ್ತಿರಲಿಲ್ಲ.

ವಾಪಸು ಬರುವಾಗ ದಾರಿಯಲ್ಲಿ ಅಪ್ಪ ಎಲ್ಲ ಮರೆತ. ಕತ್ತೆಯ ಮೇಲಿಂದಲೇ, "ಲೈಸಿಲ್ಲಾ ಎಲ್ಲೋ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಎಪಿಗೆನೆಸ್, "ನೀರಿಗೆ ಹೋಗಿದಾಳೆ ದೊಡ್ಡಪ್ಪ, ಇನ್ನೇನು ಬರ್ತಾಳೆ" ಅಂದ. ಅಂದವನು ಮುಖ ಕೆಂಪು ಮಾಡಿಕೊಂಡು ದಾರಿಬದಿಯ ಗಿಡ ನೋಡುತ್ತಾ ನಡೆದ. ಊರು ಬರುವವರೆಗೂ ತೋಪಿನ ಮಾತು ಎತ್ತಲಿಲ್ಲ.

ಇದಾದ ಮೇಲೆ ಒಂದು ವಿಷಯ ಗಮನಿಸಿದ್ದೇನೆ. ತುತ್ತು ಕೊಡುವಾಗ ಅಪ್ಪ ನನ್ನ ಮುಖ ನೋಡುವುದಿಲ್ಲ, ಕೈ ನೋಡುತ್ತಾನೆ. ಅಷ್ಟು ಹೊತ್ತು ಅದು ಅವಳ ಕೈ. ಅದು ತಿಳಿದ ಮೇಲೆ ನಾನೂ ನಿಧಾನವಾಗಿ ಕೊಡುತ್ತೇನೆ. ಎಪಿಗೆನೆಸ್ ಹೇಳಿದ ಸಂತೋಷ ಇದೇ ಎನ್ನಲಾರೆ. ಆದರೆ ಈಗ ಬೆಳಗಾಗಲಿ ಎಂದು ಕಾಯುತ್ತೇನೆ.

ಹೊಸ ವರ್ಷಕ್ಕೆ ಸಭೆಯ ಕೆಲಸ ಶುರು. ನಗರದಲ್ಲಿ ಕುಂಬಾರರ ಕೇರಿಯ ಹತ್ತಿರ ಒಂದು ಕೋಣೆ ಸಿಕ್ಕಿದೆ, ಅಪ್ಪನನ್ನೂ ಕರೆದೊಯ್ಯುತ್ತೇನೆ. ಇನ್ನು ಮಗ ಗಂಜಿ ಹಾಕುವುದಿಲ್ಲವೆಂಬುದು ಅಥೆನ್ಸಿಗೆಲ್ಲ ತಿಳಿಯುತ್ತದೆ. ಭಾವನವರಿಗೆ ನನ್ನ ನಮಸ್ಕಾರ ಹೇಳು. ಮಕ್ಕಳ ತಲೆಯ ಮೇಲೆ ನನ್ನ ಪರವಾಗಿ ಕೈಯಿಡು. ನಿಮ್ಮ ಮನೆಯ ಒಲೆಯನ್ನು ದೇವತೆಗಳು ಆರದಂತೆ ಕಾಯಲಿ.

ನಿನ್ನ ಅಣ್ಣ,
ಫಿಲಾಗ್ರೋಸ್

ಮರೆತಿದ್ದೆ. ಈ ಪತ್ರ ಒಯ್ಯುವ ಎಣ್ಣೆ ಹಡಗಿನವನು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ನಿನ್ನ ಪತ್ರ ಬಂದರೆ ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಹೋದ ಸಲದ್ದನ್ನು ಕೇಳಿ, "ಅತ್ತಿಗೆಯನ್ನ ಕೇಳೇ ಇಲ್ವಲ್ಲ ಇವಳು, ಜಗಳ ಆಡಿದಾರಾ?" ಎಂದು ಬೇಜಾರು ಮಾಡಿಕೊಂಡ. ಓದುವಾಗ ನಾನೇ ಒಂದು ಸಾಲು ಸೇರಿಸಲು ನೋಡಿದೆ, ಆಗಲಿಲ್ಲ. ಮುಂದಿನ ಪತ್ರದಲ್ಲಿ ಅವಳನ್ನು ವಿಚಾರಿಸಿ ಬರೆಯಮ್ಮ. ಕೆಮ್ಮು ಹೇಗಿದೆ, ಮಗ್ಗದ ಬಟ್ಟೆ ಮುಗಿಯಿತೇ, ಹೀಗೆ ಏನಾದರೂ, ಮೊದಲೆಲ್ಲ ಬರೆಯುತ್ತಿದ್ದ ಹಾಗೆ. ಅಪ್ಪನಿಗೋಸ್ಕರ ಕೇಳುತ್ತಿದ್ದೇನೆ. ಅಪ್ಪನೊಬ್ಬನಿಗೇ ಅಲ್ಲ.