ಕಂಬಕ್ಕೆ ಕಾಂಕ್ರೀಟು

ಜನವರಿ 18
ಬೆಳಗ್ಗಿಂದ ಗಾಳಿ. ಥೇಟರ್ ತಗಡು ಪಟಪಟ. ಪುಣ್ಯಕ್ಕೆ ಯಾರೋ ಚಪ್ಪಾಳೆ ಹೊಡೀತಾರಲ್ಲ ಅಂದೆ. ಕೆಂಚಕ್ಕ ನಗಲಿಲ್ಲ. ನಮ್ಮ ನಾಟಕ ಕಂಪನಿ ಹೀರೋಯಿನ್ನು. ನಾನು ಹಾಸ್ಯದ ಪಾರ್ಟಿನೋನು, ನನ್ನ ಜೋಕಿಗೆ ನಗದಂಗೆ ಮೊದ್ಲಿಂದ ಪ್ರಾಕ್ಟೀಸು.
ಕಂಬ ಅಲ್ಲಾಡ್ತವೆ. ಊರೂರು ಕ್ಯಾಂಪ್ ಹಾಕೋ ಕಂಪನಿಯೋರು ಕಂಬನ ಬರೀ ಮಣ್ಣಾಗೆ ಊರೋದು, ಕಿತ್ಕಂಡು ಮುಂದಿನೂರಿಗೆ ಹೋಗಾಕೆ. ನಾವು ಹೊಸದುರ್ಗದಾಗೆ ಊರಿದೋರು ಊರೇ ಬಿಡ್ಲಿಲ್ಲ.

ಜನವರಿ 21
ಜಾಗದ ಓನರ್ ಲಕ್ಷ್ಮೀಕಾಂತ್ ಬಂದಿದ್ದ. ನಮಗೆ ಲೀಸಿಗೆ ಕೊಟ್ಟಿದ್ದು ಅವರಪ್ಪ ಮೂರ್ತಪ್ಪ. ಈಗಿಲ್ಲ.
"ಕಂಬ ಬಿದ್ದು ಜನಕ್ಕೇನಾದ್ರೂ ಆದ್ರೆ? ನಮ್ಮನೆ ಕಟ್ಟಿದ ಸಿಮೆಂಟ್ ಉಳ್ದೈತೆ, ತಗಳ್ರಿ ಮಾವ."
ಎಲ್ಲಾ ಕಂಬಕ್ಕೂ ಕಾಂಕ್ರೀಟು. "ಬೇರು ಬಿಟ್ವಿ ಬಿಡಪ್ಪ" ಅಂದ್ಲು ಕೆಂಚಕ್ಕ. ನಕ್ಕಳು ಕೂಡ.

ಏಪ್ರಿಲ್ 2
ಲೀಸು ಮುಗೀತು. ಲೇಸಾಗ್ಲಿಲ್ಲ. ಲಕ್ಷ್ಮೀಕಾಂತ್ ಇಲ್ಲಿ ಕಲ್ಯಾಣ ಮಂಟಪ ಮಾಡ್ತಾನಂತೆ. ಸರಿ, ಕಂಬ-ತಗಡು ಬಿಚ್ಕಂಡು ಹಿರಿಯೂರಿಗೆ ಹೋಗಾಣ ಅಂದ್ವಿ. ಮೂರ್ತಪ್ಪೋರ ಕಾಲದ ಮಾತೇ ಅದು... ಮಣ್ಣು ಅವರ್ದು, ಥೇಟರ್ ನಮ್ದು.
"ಬಿಚ್ಚಂಗಿಲ್ಲ ಮಾವ. ಕಾಂಕ್ರೀಟ್ ಹಾಕಿದ್ಮೇಲೆ ಅದು ಜಾಗಕ್ಕೆ ಸೇರ್ತು."
"ಸಿಮೆಂಟ್ ಕೊಟ್ಟೋನು ನೀನೇ ಅಲ್ವೇನಪ್ಪ?"
"ಹೂಂ."
ಸ್ಟೇಜ್ ಮೇಲೆ ಊರಿಗೆಲ್ಲ ಟೋಪಿ ಹಾಕ್ದೋನು ನಾನು. ಇವ್ನು ನನಗೆ ಪೇಟಾನೇ ಸುತ್ತಿದ.

ಏಪ್ರಿಲ್ 9
ಹೊಳಲ್ಕೆರೆ. ವಕೀಲ ಪ್ರಭು ಅವರ ಆಫೀಸು.
"ಕೇಸ್ ಹಾಕಾಣ. ಆದ್ರೆ ತೀರ್ಪು ಬರಾ ಹೊತ್ತಿಗೆ..." ನನ್ನ ನರೆತ ತಲೆ ನೋಡಿ ಮಾತು ನುಂಗಿದ್ರು.
"ಹೆಣದ ಪಾರ್ಟೂ ಮಾಡೀನಿ ಬಿಡ್ರಿ" ಅಂದೆ. ಅವರೂ ನಗಲಿಲ್ಲ.

ಏಪ್ರಿಲ್ 14, ಬೆಳಗ್ಗೆ
ಹಾರೆ ಹಾಕಿ ನೋಡಿದ್ವಿ. ಒಂದು ಕಂಬನೂ ಜಗ್ಗಲಿಲ್ಲ. ಹಾರೆ ಬಗ್ತು. ನಾವೇ ಕಲಸಿ ಹಾಕಿದ್ದು — ಜನ್ಮದಾಗೆ ಇದೊಂದು ಕೆಲಸ ನೆಟ್ಟಗೆ ಮಾಡಿದ್ವಿ.

ಏಪ್ರಿಲ್ 20, ಸಂಜೆ
ಪರದೆ, ಡ್ರೆಸ್ ಪೆಟ್ಟಿಗೆ ತಗಂಡ್ ಹೋಗ್ರಿ ಅಂದ ಲಕ್ಷ್ಮೀಕಾಂತ್. ಆಮೇಲೆ ಬೀಗ.
ಪೆಟ್ಟಿಗೆ ಹೊರ್ತಿದ್ವಿ. ಅವನ ತಾಯಿ ಓಬಮ್ಮ ಬಂದ್ರು. ದಿನಾ ನಾಟಕಕ್ಕೆ ಬರೋರು. ಸೀದಾ ಮುಂದಿನ ಸಾಲಿಗೆ ಬಂದು ಕುಂತ್ರು. ಥೇಟರ್ ಮುಚ್ತಿರೋದು ಅವರಿಗೆ ಯಾರೂ ಹೇಳಿಲ್ಲ. ಮಗ ಬಾಗಿಲಾಗೆ ನಿಂತು ಕೈ ಆಡಿಸ್ದ. ಹೇಳಬ್ಯಾಡ್ರಿ ಅಂತ.
"ಏನಪ್ಪ, ಇನ್ನೂ ಬೆಲ್ ಹೊಡ್ದಿಲ್ಲ? ಇವತ್ತು ಯಾವ ನಾಟಕ?"
ಕೆಂಚಕ್ಕ ನನ್ನ ನೋಡಿದ್ಲು. ನಾನು ಬಾಗಿಲು ನೋಡ್ದೆ. ಸ್ಟೇಜ್ ಹತ್ತಿದೆ. ಪರದೆ ಇಲ್ಲ, ಲೈಟಿಲ್ಲ. ಓಬಮ್ಮ ಆಗ್ಲೇ ಸೆರಗು ಬಾಯಿಗಿಟ್ಕಂಡು ನಗ್ತಿದ್ರು. ನಾನಿನ್ನೂ ಬಾಯೇ ಬಿಟ್ಟಿರ್ಲಿಲ್ಲ.
"ಓಬಮ್ಮೋರೆ, ಇವತ್ತಿನ ನಾಟಕ 'ಕಂಬಕ್ಕೆ ಕಾಂಕ್ರೀಟು'" ಅಂದೆ. ಆಮೇಲೆ ಬಾಗಿಲ ಕಡೆ ನೋಡ್ಕಂತ, ಸಿಮೆಂಟ್ ಕೊಟ್ಟೋನ ಪಾರ್ಟಿಂದ ಶುರು ಮಾಡ್ದೆ.